ಘಟ್ಟದ ಮಳೆಗೆ ಕೋಲ್ಡ್ ಏರ್ ಇನ್‌ಟೇಕ್: ಮೂರು ಮಳೆಗಾಲದ ಬಳಕೆಯ ನಂತರ

ಕೋಲ್ಡ್ ಏರ್ ಇನ್‌ಟೇಕ್ ಎಂದರೆ ಕಾರಿನ ಎಂಜಿನ್ನಿಗೆ ಹೊರಗಿನ ತಣ್ಣನೆಯ ಗಾಳಿಯನ್ನು ಸೋಸಿ ಎಳೆದುಕೊಡುವ ಪೈಪು ಅಥವಾ ಪೆಟ್ಟಿಗೆ. ಹದಿನಾರೂವರೆ ಸಾವಿರ ರೂಪಾಯಿ ಕೊಟ್ಟು ಕೊಂಡ ಅಂತಹದೊಂದು ಪೆಟ್ಟಿಗೆಯನ್ನು ಪ್ರತಿ ಶನಿವಾರ ಬೆಳಿಗ್ಗೆ ಪೊರಕೆ ಕಡ್ಡಿಯಿಂದ ಚುಚ್ಚಿ ಸರಿಮಾಡಿಕೊಳ್ಳಬೇಕಾದ ಸ್ಥಿತಿ ಬಂದಿದ್ದರಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ವಸ್ತು ಕೆಟ್ಟದ್ದೆಂದು ನನ್ನ ವಾದವಲ್ಲ. ಕಾರಿನ ಎಂಜಿನ್ನು ಇಂದಿಗೂ ಉಳಿದಿದ್ದರೆ ಅದರಲ್ಲಿ ಇದರ ಪಾಲೂ ಇದೆ. ಆದರೆ ಇಷ್ಟೆಲ್ಲ ಯೋಚಿಸಿ ಮಾಡಿದವರು, ಪೆಟ್ಟಿಗೆಯ ತಳದಲ್ಲಿ ನೀರು ಹೊರಹೋಗಲು ಬಿಟ್ಟಿರುವ ಒಂದು ತೂತಿನ ಬಗ್ಗೆ ಮಾತ್ರ ಯಾಕೆ ಯೋಚಿಸಲಿಲ್ಲ ಎಂಬುದು ಎರಡು ಮಳೆಗಾಲ ಕಳೆದರೂ ನನಗೆ ಅರ್ಥವಾಗಿಲ್ಲ.

ನಾನು ಚಿಕ್ಕಮಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಮ್ಮ ಇರುವುದು ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಹೋಗುವ ರಸ್ತೆಯಿಂದ ಒಳಗಿರುವ ತೋಟದ ಮನೆಯಲ್ಲಿ. ಶುಕ್ರವಾರ ಸಂಜೆ ಮೂಡಿಗೆರೆ, ಬಣಕಲ್ ಮಾರ್ಗವಾಗಿ ಹೋಗಿ ಸೋಮವಾರ ಬೆಳಿಗ್ಗೆ ಮರಳುವುದು ವರ್ಷಪೂರ್ತಿ ನಡೆಯುವ ಓಡಾಟ. ಕಾರು ಏಳು ವರ್ಷ ಹಳೆಯ, 1.2 ಲೀಟರಿನ, ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಪೆಟ್ರೋಲ್ ಹ್ಯಾಚ್‌ಬ್ಯಾಕ್. ವಾರಂಟಿ ಮುಗಿದಿದ್ದರಿಂದಲೇ ಇಂತಹ ಪ್ರಯೋಗಕ್ಕೆ ಧೈರ್ಯ ಬಂದದ್ದು; ವಾರಂಟಿ ಇರುವವರು ಮೊದಲು ಅದರ ಷರತ್ತುಗಳನ್ನು ಓದಿಕೊಳ್ಳುವುದು ಒಳ್ಳೆಯದು.

ಆಸೆ ಹುಟ್ಟಿದ್ದು ಏರುದಾರಿಯಲ್ಲಿ. ಸಮುದ್ರಮಟ್ಟಕ್ಕೆ ಹೋಲಿಸಿದರೆ ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸುಮಾರು ಶೇ. 9ರಷ್ಟು ಕಡಿಮೆ, ಟರ್ಬೊ ಇಲ್ಲದ ಎಂಜಿನ್ನಿನ ಬಲವೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಒಳಗೆ ಹೋಗುವ ಗಾಳಿಯನ್ನು 10 ಡಿಗ್ರಿಯಷ್ಟು ತಣ್ಣಗೆ ಮಾಡಿದರೆ ಸಾಂದ್ರತೆ ಶೇ. 3ರಷ್ಟು ಹೆಚ್ಚುತ್ತದೆ ಎಂಬ ಲೆಕ್ಕವನ್ನು ಓದಿ, ಕಳೆದುಹೋದ ಒಂಬತ್ತರಲ್ಲಿ ಮೂರನ್ನಾದರೂ ವಾಪಸು ತರೋಣ ಎಂದು ಹೊರಟೆ. ಕಂಪನಿಯ ಮೂಲ ಏರ್ ಬಾಕ್ಸ್ (ಗಾಳಿಯ ಫಿಲ್ಟರ್ ಇರುವ ಪೆಟ್ಟಿಗೆ) ಕೂಡ ರೇಡಿಯೇಟರಿನ ಮೇಲ್ಭಾಗದಿಂದ ಹೊರಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಆ ಗಾಳಿಯನ್ನು ಇನ್ನಷ್ಟು ತಣ್ಣಗೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ ಎಂಬ ಸರಳ ಸಂಗತಿ ಆಗ ಹೊಳೆಯಲಿಲ್ಲ.

ಮೊದಲು ಕೊಂಡದ್ದು ಒಂಬತ್ತು ಸಾವಿರದ ಉದ್ದನೆಯ ಅಲ್ಯೂಮಿನಿಯಂ ಪೈಪಿನ ಕಿಟ್. ಅದರ ತುದಿಯ ಶಂಕುವಿನಾಕಾರದ ಫಿಲ್ಟರ್ ಮುಂದಿನ ಬಂಪರಿನ ಎಡಮೂಲೆಯಲ್ಲಿ, ಫಾಗ್ ಲ್ಯಾಂಪಿನ ಹಿಂದೆ, ನೆಲದಿಂದ ಒಂದಡಿಗಿಂತ ತುಸು ಮೇಲೆ ಕೂರುತ್ತಿತ್ತು. ಬೇಸಿಗೆಯಲ್ಲಿ ಅದು ಕೊಟ್ಟ ಸಂತೋಷವನ್ನು ಮುಚ್ಚಿಡುವುದಿಲ್ಲ: ಮೂರನೇ ಗೇರಿನಲ್ಲಿ ಏರು ಹತ್ತುವಾಗ ಎಂಜಿನ್ನು ಗಂಟಲು ಸರಿಮಾಡಿಕೊಂಡು ಹಾಡಲು ಕೂತಂತೆ ಕೇಳಿಸುತ್ತಿತ್ತು. ಮೈಲೇಜಿನಲ್ಲಿ ವ್ಯತ್ಯಾಸವಾಗಲಿಲ್ಲ. ಬಲ ಹೆಚ್ಚಿತೋ, ಸದ್ದು ಹೆಚ್ಚಿದ್ದರಿಂದ ಹಾಗೆ ಅನ್ನಿಸಿತೋ ಹೇಳಲಾರೆ.

ಪುನರ್ವಸು ಮಳೆ ಹಿಡಿದ ಒಂದು ಶುಕ್ರವಾರ, ತೋಟದ ರಸ್ತೆಗೆ ತಿರುಗುವಲ್ಲಿ ಮೋರಿ ಕಟ್ಟಿಕೊಂಡು ಕೆಂಪು ನೀರು ರಸ್ತೆಯ ಮೇಲೆ ಹರಿಯುತ್ತಿತ್ತು. ಆಳ ಚಕ್ರದ ಅರ್ಧಕ್ಕೂ ಇರಲಿಲ್ಲ. ಇದೇ ಕಾರಿನಲ್ಲಿ ಅದಕ್ಕಿಂತ ಹೆಚ್ಚಿನ ನೀರನ್ನು ದಾಟಿದ ಅಭ್ಯಾಸದಿಂದ ಮುಂದೆ ಹೋದೆ. ಬಂಪರು ತಳ್ಳಿದ ನೀರು ಅಲೆಯಾಗಿ ಮೇಲೆದ್ದು ಫಿಲ್ಟರನ್ನು ಮುಳುಗಿಸಿತು. ಎಂಜಿನ್ನು ಎರಡು ಬಾರಿ ಕೆಮ್ಮಿ ನಿಂತಿತು. ಕೈ ತಾನಾಗಿಯೇ ಕೀಯ ಮೇಲೆ ಹೋಗಿತ್ತು. ಅಷ್ಟರಲ್ಲಿ ಮೂಡಿಗೆರೆಯ ಮೆಕ್ಯಾನಿಕ್ಕಿಗೆ ಮಾಡಿದ್ದ ಕರೆ ಸೇರಿತು. “ಸಾರ್, ದಮ್ಮಯ್ಯ, ಕೀ ಮಾತ್ರ ಮುಟ್ಬೇಡಿ, ನಾನು ಬರೋತನಕ ಹಾಗೇ ಇರ್ಲಿ” ಎಂದರು. ಮರುದಿನ ಅವರು ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಸ್ಟಾರ್ಟರ್ ತಿರುಗಿಸಿದಾಗ ಮೂರನೇ ಸಿಲಿಂಡರಿನಿಂದ ಚಿಮ್ಮಿದ ನೀರು ಬಾನೆಟ್ಟಿನ ಒಳಮೈಗೆ ಹೊಡೆದು ನನ್ನ ಅಂಗಿಯ ಮೇಲೆ ತೊಟ್ಟಿಕ್ಕಿತು.

ಅದಾದ ಮೇಲೆ ಕೂತು ಲೆಕ್ಕ ಹಾಕಿದೆ. ನಾಲ್ಕು ಸಿಲಿಂಡರಿನ 1.2 ಲೀಟರ್ ಎಂಜಿನ್ನಿನಲ್ಲಿ ಒಂದೊಂದರ ಪಾಲು 300 ಸಿಸಿ. ಗಾಳಿಯನ್ನು ಹಿಂಡುವ ಅನುಪಾತ (ಕಂಪ್ರೆಷನ್ ರೇಶಿಯೊ) 11:1 ಎಂದಿಟ್ಟುಕೊಂಡರೆ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಕೇವಲ 30 ಮಿಲಿಲೀಟರ್. ಬೈಟು ಕಾಫಿಯ ಲೋಟದ ಅರ್ಧದಷ್ಟೂ ಅಲ್ಲ. ಗಾಳಿಯನ್ನು ಹಿಂಡಬಹುದು, ನೀರನ್ನು ಹಿಂಡಲಾಗದು. ಆ ಜಾಗಕ್ಕಿಂತ ಹೆಚ್ಚು ನೀರು ಒಳಗಿದ್ದು ಎಂಜಿನ್ನು ತಿರುಗಿದರೆ ಬಾಗುವುದು ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್. ನೀರು ನುಗ್ಗಿ ಆಗುವ ಇಂತಹ ಹಾನಿಯನ್ನು ಸಾಮಾನ್ಯ ವಿಮಾ ಪಾಲಿಸಿಗಳು ಸಾಧಾರಣವಾಗಿ ಭರಿಸುವುದಿಲ್ಲ, ಅದಕ್ಕೆ ಎಂಜಿನ್ ಪ್ರೊಟೆಕ್ಟ್ ಎಂಬ ಪ್ರತ್ಯೇಕ ರಕ್ಷೆ ಬೇಕು. ನನ್ನ ಪಾಲಿಸಿಯಲ್ಲಿ ಅದಿರಲಿಲ್ಲ. ರಾಡ್ ಬಾಗದೆ ಉಳಿದದ್ದರಿಂದ ಆಯಿಲ್, ಪ್ಲಗ್, ಎಳೆದು ತಂದ ಬಾಡಿಗೆ ಎಲ್ಲ ಸೇರಿ ಆರು ಸಾವಿರದ ಎಂಟುನೂರಕ್ಕೆ ಮುಗಿಯಿತು.

ಪೈಪನ್ನು ಮಾರಿದ ಅಂಗಡಿಯವರು ಫಿಲ್ಟರಿಗೆ ತೊಡಿಸುವ ನೀರು ಹಿಡಿಯದ ಬಟ್ಟೆಯ ಚೀಲವೊಂದನ್ನು ಹಾಕಿಕೊಳ್ಳಿ ಎಂದರು. ಎರಚುವ ಹನಿಗಳಿಗೆ ಆ ಚೀಲ ನಿಜಕ್ಕೂ ಒಳ್ಳೆಯದು. ಆದರೆ ತೋಟದ ಆಳುಗಳು ಕೊಪ್ಪೆ ಹಾಕಿಕೊಳ್ಳುವುದು ಮೇಲಿನಿಂದ ಬೀಳುವ ಮಳೆಗೆ. ಕೊಪ್ಪೆ ಹಾಕಿಕೊಂಡು ಹಳ್ಳಕ್ಕಿಳಿದವನು ನೆನೆಯದೆ ಇರುತ್ತಾನೆಯೇ? ಪೈಪಿನ ನಡುವೆ ಸೇರಿಸುವ ಬೈಪಾಸ್ ವಾಲ್ವ್ ಎಂಬುದೂ ಇದೆ. ಫಿಲ್ಟರ್ ಮುಳುಗಿದಾಗ ಅದರ ಸ್ಪಂಜಿನ ಕವಾಟಗಳು ತೆರೆದು ಮೇಲಿನಿಂದ ಗಾಳಿ ಕೊಡುತ್ತವೆ. ಟರ್ಬೊ ಇರುವ ಕಾರುಗಳಿಗೆ ಅದು ಹೊಂದುವುದಿಲ್ಲ. ನನ್ನ ಕಾರಿಗೆ ಹೊಂದುತ್ತಿತ್ತಾದರೂ, ಫಿಲ್ಟರನ್ನು ಕೆಳಗಿಟ್ಟು ಮೇಲೆ ಕಿಟಕಿ ಕೊರೆಯುವುದಕ್ಕಿಂತ ಫಿಲ್ಟರನ್ನೇ ಮೇಲಿಡುವುದು ಸರಿ ಎನ್ನಿಸಿತು.

ಹಾಗೆ ಬಂದದ್ದು ಈಗಿನ ಮುಚ್ಚಿದ ಪೆಟ್ಟಿಗೆ. ಬ್ಯಾಟರಿಯ ಪಕ್ಕದಲ್ಲಿ, ಎಂಜಿನ್ನಿನ ತಲೆಯ ಮಟ್ಟಕ್ಕೆ ಕೂರುತ್ತದೆ. ಗಾಳಿ ಎಳೆಯುವ ಬಾಯಿ ಗ್ರಿಲ್ಲಿನ ಮೇಲಂಚಿನ ಹಿಂದಿದ್ದು, ಅಲ್ಲಿಂದ ಕೊಳವೆ ಒಮ್ಮೆ ಮೇಲೇರಿ ಪೆಟ್ಟಿಗೆಗೆ ಇಳಿಯುತ್ತದೆ. ಗಾಳಿಯ ಜೊತೆ ಬಂದ ಹನಿಗಳು ತಿರುವಿನಲ್ಲಿ ಗೋಡೆಗೆ ಬಡಿದು ತಳಕ್ಕೆ ಸೇರುತ್ತವೆ. ಎರಡು ಮಳೆಗಾಲದಲ್ಲಿ ಪೆಟ್ಟಿಗೆಯಿಂದ ಎಂಜಿನ್ನಿನ ಕಡೆಗೆ ಹೋಗುವ ಪೈಪಿನೊಳಗೆ ಬೆರಳಾಡಿಸಿ ನೋಡಿದಾಗಲೆಲ್ಲ ಒಣಗಿಯೇ ಇತ್ತು. ಹಳೆಯ ಹಾಡು ಮಾತ್ರ ಹೋಯಿತು, ಈಗ ಗುನುಗು ಅಷ್ಟೇ. ಅಮ್ಮನಿಗೆ ಅದು ಸಮಾಧಾನ.

ಫಿಲ್ಟರಿನ ಬಗ್ಗೆ ಒಂದು ಮಾತು ಮಲೆನಾಡಿನವರಿಗಾಗಿಯೇ ಹೇಳಬೇಕು. ಎಣ್ಣೆ ಸವರಿದ ಹತ್ತಿಯ ಫಿಲ್ಟರನ್ನು ತೊಳೆದು, ಪೂರ್ತಿ ಒಣಗಿಸಿ, ಮತ್ತೆ ಎಣ್ಣೆ ಹಾಕಬೇಕು. ಪುಷ್ಯ ಮಳೆಯಲ್ಲಿ ಒಳಚಡ್ಡಿಯೇ ಒಲೆಯ ಮೇಲೆ ತೂಗಿದರೂ ಒಣಗದ ಊರಿನಲ್ಲಿ ಹತ್ತಿಯ ಫಿಲ್ಟರ್ ಎಲ್ಲಿಂದ ಒಣಗೀತು? ಒಲೆಯ ಕಾವು ತಾಗಿಸಿದರೆ ಅದರ ರಬ್ಬರ್ ಅಂಚು ಹಾಳಾಗುತ್ತದೆ. ಎಣ್ಣೆ ಹೆಚ್ಚಾದರೆ, ಗಾಳಿಯ ಹರಿವನ್ನು ಅಳೆಯುವ ಬಿಸಿತಂತಿಯ ಸೆನ್ಸರ್ ಇರುವ ಕಾರುಗಳಲ್ಲಿ ಅದು ತಂತಿಗೆ ಅಂಟಿ ತಪ್ಪು ಲೆಕ್ಕ ಕೊಡಿಸುತ್ತದೆ. ಹಾಗಾಗಿ ಎಣ್ಣೆ ಬೇಡದ ಸಿಂಥೆಟಿಕ್ ಫಿಲ್ಟರನ್ನೇ ಆರಿಸಿಕೊಂಡೆ. ಮಳೆಗಾಲವಿಡೀ ತಟ್ಟಿ ಧೂಳು ಉದುರಿಸುವುದು, ತೊಳೆಯುವುದೇನಿದ್ದರೂ ದೀಪಾವಳಿ ಕಳೆದ ಮೇಲೆ.

ಇನ್ನು ಶನಿವಾರದ ಕೆಲಸ. ನಮ್ಮ ತೋಟದ ತುಂಬ ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಓಕ್ ಮರಗಳಿವೆ. ಜರೀಗಿಡದಂತೆ ಸೀಳುಸೀಳಾದ ಅದರ ಎಲೆ ಬಿದ್ದು ಬೂದುಬಣ್ಣಕ್ಕೆ ತಿರುಗಿ ಮುರಿದರೆ, ಗ್ರಿಲ್ಲಿನ ಜಾಲರಿಯನ್ನೂ ದಾಟುವಷ್ಟು ಸಣ್ಣ ಚೂರುಗಳಾಗುತ್ತದೆ. ಜಗಲಿಯ ಪಕ್ಕದ ಸೂರಿನಡಿ ಕಾರು ನಿಲ್ಲಿಸಿ, ನಾಲ್ಕು ಕ್ಲಿಪ್ ತೆಗೆದು ಮುಚ್ಚಳ ಎತ್ತುತ್ತೇನೆ. ಅಮ್ಮ ಕಾಫಿ ಲೋಟವನ್ನು ಬ್ಯಾಟರಿಯ ಮೇಲಿಡಲು ಬಂದು ಪ್ರತಿ ಸಲವೂ ಬೈಸಿಕೊಂಡು ಜಗಲಿಯ ಕಟ್ಟೆಯ ಮೇಲಿಡುತ್ತಾರೆ. ಹಳೆಯ ಪಂಚೆಯ ತುಂಡಿನಿಂದ ತಳವನ್ನು ಒರೆಸಿದರೆ ಒಂದು ಚಮಚ ಕೆಂಪು ನೀರು, ಎಲೆಯ ಚೂರು, ಕೆಲವೊಮ್ಮೆ ಒಂದೆರಡು ರೆಕ್ಕೆಹುಳು. ಹೊರಗೆ ಮಳೆ ಧೋ ಎಂದು ಸುರಿಯುವಾಗ ಈ ಹತ್ತು ನಿಮಿಷ ಯಾಕೋ ಹಿತವಾಗಿರುತ್ತದೆ. ಕಾರು ತೊಳೆಯುವುದನ್ನು ಎಂದೂ ಇಷ್ಟಪಡದ ನನಗೆ ಇದು ಅನಿರೀಕ್ಷಿತ.

ಆದರೆ ಆ ನೀರು ಅಲ್ಲಿ ನಿಲ್ಲಲೇಬಾರದಿತ್ತು. ತಳದ ತೂತಿಗೆ ಬಾತುಕೋಳಿಯ ಕೊಕ್ಕಿನಂತಹ ರಬ್ಬರ್ ವಾಲ್ವ್ ಇದೆ. ಎಂಜಿನ್ನು ಗಾಳಿ ಎಳೆಯುವಾಗ ಕೊಕ್ಕು ಮುಚ್ಚಿಕೊಂಡು ಕೆಳಗಿನ ನೀರನ್ನು ತಡೆಯಬೇಕು, ಎಂಜಿನ್ನು ನಿಂತಾಗ ಸಡಿಲವಾಗಿ ಒಳಗಿನ ನೀರನ್ನು ಬಿಡಬೇಕು. ಉಪಾಯ ಚೆನ್ನಾಗಿದೆ, ಕೊಕ್ಕಿನ ಸೀಳು ಮಾತ್ರ ಎಷ್ಟು ಕಿರಿದೆಂದರೆ ಸಿಲ್ವರ್ ಓಕಿನ ಒಂದೇ ಒಂದು ಚೂರು ಸಾಕು, ಕಟ್ಟಿಕೊಳ್ಳುತ್ತದೆ. ಕಡ್ಡಿಯಿಂದ ಬಿಡಿಸಿ ಬಿಡಿಸಿ ಈ ವರ್ಷ ಆರಿದ್ರಾ ಮಳೆಯ ಹೊತ್ತಿಗೆ ರಬ್ಬರಿನ ತುಟಿ ಹರಿಯಿತು. ಬಿಡಿಯಾಗಿ ವಾಲ್ವ್ ಸಿಗುವುದಿಲ್ಲ, ಪೆಟ್ಟಿಗೆಯ ಕೆಳಭಾಗವನ್ನು ಪೂರ್ತಿಯಾಗಿ ಕೊಳ್ಳಬೇಕು, ನಾಲ್ಕು ಸಾವಿರದ ಇನ್ನೂರು ಎಂದು ತಯಾರಕರಿಂದ ಉತ್ತರ ಬಂದಿದೆ. ತೂತನ್ನು ತೆರೆದೇ ಬಿಟ್ಟರೆ ಮೋರಿಯ ನೀರಿಗೆ ನಾನೇ ಬಾಗಿಲು ತೆಗೆದಂತೆ.

ಹಾಸನದಿಂದ ಬೆಂಗಳೂರಿಗೆ ಹೆದ್ದಾರಿಯಲ್ಲೇ ಓಡಾಡುವವರಿಗೆ ಇದಾವುದೂ ಬೇಡ, ಮೂಲ ಏರ್ ಬಾಕ್ಸೇ ಸಾಕು. ನಿಜ ಹೇಳಬೇಕೆಂದರೆ ನನಗೂ ಅದೇ ಸಾಕಾಗುತ್ತಿತ್ತು. ಪೈಪು ಕೂರಿಸುವಾಗ ಅದನ್ನು ಕತ್ತರಿಸದೆ ಇದ್ದಿದ್ದರೆ. ಬದಲಾಯಿಸಲೇಬೇಕು ಎನ್ನುವವರು ಬ್ರ್ಯಾಂಡಿನ ಹೆಸರಿಗಿಂತ ಮೊದಲು ಗಾಳಿ ಎಳೆಯುವ ಬಾಯಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳತೆಪಟ್ಟಿ ಹಿಡಿದು ನೋಡಲಿ, ಆಮೇಲೆ ಪೆಟ್ಟಿಗೆಯನ್ನು ಬೋರಲು ಹಾಕಿ ತಳ ನೋಡಲಿ.

ಸದ್ಯಕ್ಕೆ ಸೈಕಲ್ ಟ್ಯೂಬಿನ ಎರಡು ಬೆರಳಗಲದ ತುಂಡನ್ನು ಚಪ್ಪಟೆ ಮಾಡಿ, ತುದಿಗೆ ಉದ್ದನೆಯ ಸೀಳು ಕೊಟ್ಟು, ತೂತಿಗೆ ಕ್ಲಾಂಪ್ ಹಾಕಿ ಬಿಗಿದಿದ್ದೇನೆ. ಮೂರು ವಾರವಾಯಿತು, ಎಲೆಯ ಚೂರುಗಳು ನೀರಿನ ಜೊತೆ ತಾವಾಗಿಯೇ ಜಾರಿ ಹೋಗುತ್ತಿವೆ. ಬಣಕಲ್ಲಿನ ಸೈಕಲ್ ಅಂಗಡಿಯವರು ಆ ತುಂಡಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.