1.1.1.1 ಡಿಎನ್‌ಎಸ್: ವರ್ಷಗಟ್ಟಲೆ ಬಳಸಿದ ಮೇಲಿನ ವಿಮರ್ಶೆ

ಇಂಟರ್ನೆಟ್ ವೇಗ ಹೆಚ್ಚುತ್ತದೆ ಎಂಬ ಆಸೆಯಿಂದ 1.1.1.1 ಎಂಬ ಡಿಎನ್‌ಎಸ್ ವಿಳಾಸವನ್ನು ಹಾಕಿಕೊಳ್ಳಬೇಡಿ. ಜಾಲತಾಣದ ಹೆಸರು ಕೊಟ್ಟರೆ ಅದರ ಐಪಿ ವಿಳಾಸ, ಅಂದರೆ ಅಂಕಿಗಳ ವಿಳಾಸ ಹುಡುಕಿಕೊಡುವುದಷ್ಟೇ ಡಿಎನ್‌ಎಸ್ ಕೆಲಸ. ವಿಳಾಸ ಸಿಕ್ಕ ಮೇಲೆ ವಿಡಿಯೊ, ಫೈಲು ಹರಿಯುವುದು ಅದೇ ಕೇಬಲ್ಲಿನಲ್ಲಿ, ಅದೇ ವೇಗದಲ್ಲಿ. ಆದರೆ ಈಗಿನ ಒಂದೊಂದು ಪುಟಕ್ಕೂ ಹಲವು ಹೆಸರುಗಳನ್ನು ಹುಡುಕಬೇಕಾಗುತ್ತದೆ. ಇಂಟರ್ನೆಟ್ ಕಂಪನಿಯ ಡಿಎನ್‌ಎಸ್ ತಡವರಿಸುತ್ತಿದ್ದರೆ ಪುಟ ತೆರೆದುಕೊಳ್ಳುವ ಮುಂಚಿನ ಆ ಕಾಯುವಿಕೆ ಕಡಿಮೆಯಾಗುತ್ತದೆ. 2018ರ ಏಪ್ರಿಲ್ 1ರಂದು ಕ್ಲೌಡ್‌ಫ್ಲೇರ್ ಶುರುಮಾಡಿದ ಈ ಉಚಿತ ಸೇವೆ ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ.

ಪ್ರತಿ ಸಾಧನದಲ್ಲೂ ಬದಲಿಸುವ ಬದಲು ರೂಟರ್‌ನ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಪುಟದಲ್ಲೇ ಹಾಕಿ. ಆಮೇಲೆ ಫೋನು, ಕಂಪ್ಯೂಟರುಗಳ ವೈಫೈ ಆಫ್ ಮಾಡಿ ಮತ್ತೆ ಜೋಡಿಸಬೇಕು. ಇಲ್ಲವಾದರೆ ಹಳೆಯ ಲೀಸ್ (ರೂಟರ್ ಕೊಟ್ಟ ವಿಳಾಸದ ಅವಧಿ) ಮುಗಿಯುವ ತನಕ ಹಳೆಯ ಡಿಎನ್‌ಎಸ್ಸೇ ಇರುತ್ತದೆ. ಹೆಚ್ಚಿನವರು ಮರೆಯುವುದು ಹೊಸ ಬಗೆಯ ಐಪಿ ವಿಳಾಸವಾದ ಐಪಿವಿ6 ಅನ್ನು. ಅಲ್ಲಿ 2606:4700:4700::1111 ತುಂಬದಿದ್ದರೆ ಹೆಸರು ಹುಡುಕುವ ಕೆಲವು ಪ್ರಶ್ನೆಗಳು ಇಂಟರ್ನೆಟ್ ಕಂಪನಿಯ ಸರ್ವರ್‌ಗೇ ಹೋಗುತ್ತಿರುತ್ತವೆ, ಮಾಡಿದ ಬದಲಾವಣೆ ಅರ್ಧ ವ್ಯರ್ಥ.

ರೂಟರ್‌ನಲ್ಲಿ ತುಂಬುವ ಎರಡನೇ ಡಿಎನ್‌ಎಸ್ ವಿಳಾಸದ ಬಗ್ಗೆ ಸ್ವಲ್ಪ ಯೋಚಿಸಿ. ಎಲ್ಲರೂ ಕ್ಲೌಡ್‌ಫ್ಲೇರ್‌ನದೇ ಆದ 1.0.0.1 ಹಾಕುತ್ತಾರೆ. 2025ರ ಜುಲೈ 14ರಂದು ಸಂರಚನೆಯ ತಪ್ಪಿನಿಂದ ಸೇವೆ ಸುಮಾರು ಒಂದು ಗಂಟೆ ನಿಂತಾಗ ಈ ಎರಡೂ ವಿಳಾಸಗಳು ಒಟ್ಟಿಗೇ ಹೋದವು. ಹಾಗಾಗಿ ಎರಡನೆಯದು ಬೇರೆಯವರದ್ದಿರಲಿ: ಗೂಗಲ್‌ನ 8.8.8.8 ಅಥವಾ ಕ್ವಾಡ್9ನ 9.9.9.9. ಆದರೆ ಮಕ್ಕಳಿಗಾಗಿ ವಯಸ್ಕರ ತಾಣಗಳನ್ನು ತಡೆಯುವ ಕ್ಲೌಡ್‌ಫ್ಲೇರ್‌ನ 1.1.1.3 ಹಾಕುವವರು ಹೀಗೆ ಬೆರೆಸಲೇಬಾರದು. ಹಲವು ಸಾಧನಗಳು ಎರಡನೇ ವಿಳಾಸವನ್ನು ಆಪತ್ತಿಗೆಂದು ಕಾದಿರಿಸದೆ ಯಾವಾಗ ಬೇಕಾದರೂ ಕೇಳುತ್ತವೆ, ತಡೆದ ತಾಣ ಆ ದಾರಿಯಲ್ಲಿ ತೆರೆದುಕೊಳ್ಳುತ್ತದೆ. ಜೋಡಿಯಾಗಿ 1.0.0.3 ಅನ್ನೇ ಕೊಡಿ.

ಗೌಪ್ಯತೆಯ ವಿಷಯದಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ವಿಳಾಸವನ್ನಷ್ಟೇ ಬದಲಿಸಿದರೆ ಪ್ರಶ್ನೆಗಳು 53ನೇ ಪೋರ್ಟ್‌ನಲ್ಲಿ (ಸಂಖ್ಯೆಯಿಂದ ಗುರುತಿಸುವ ಸಂಪರ್ಕದ ಬಾಗಿಲು) ಬಿಚ್ಚೋಲೆಯಂತೆ ಸಾಗುತ್ತವೆ. ನಡುವಿನವರು ಓದಬಹುದು, ತಿರುಗಿಸಲೂಬಹುದು. ಗೂಢಲಿಪೀಕರಣ ಬೇಕಾದರೆ ಬ್ರೌಸರ್‌ನಲ್ಲಿ ಸೆಕ್ಯೂರ್ ಡಿಎನ್‌ಎಸ್ (443ನೇ ಪೋರ್ಟ್), ಆಂಡ್ರಾಯ್ಡ್ 9 ಮತ್ತು ನಂತರದ ಫೋನುಗಳಲ್ಲಿ ಪ್ರೈವೇಟ್ ಡಿಎನ್‌ಎಸ್ (853) ಆನ್ ಮಾಡಿ. ಪ್ರೈವೇಟ್ ಡಿಎನ್‌ಎಸ್‌ಗೆ ಅಂಕಿಗಳ ಬದಲು ಹೆಸರು ಕೊಡಬೇಕು: ಇಂಗ್ಲಿಷಿನಲ್ಲಿ 'ಒನ್' ಎಂದು ನಾಲ್ಕು ಸಲ, ನಡುವೆ ಚುಕ್ಕಿ. ಹೊರಗಿನ ಯಾವುದಾದರೂ ವೈಫೈ 853 ಅನ್ನು ಮುಚ್ಚಿದ್ದರೆ ಸಿಗ್ನಲ್ ಪೂರ್ತಿ ಇದ್ದರೂ ಒಂದು ಪುಟವೂ ತೆರೆಯದು. ಆಗ ತಾತ್ಕಾಲಿಕವಾಗಿ ಆಟೊಮ್ಯಾಟಿಕ್‌ಗೆ ಬದಲಿಸಿ. ಇಷ್ಟೆಲ್ಲ ಮಾಡಿದರೂ ನೀವು ಯಾವ ತಾಣಕ್ಕೆ ಹೋದಿರಿ ಎಂಬುದು ಸಂಪರ್ಕದ ಆರಂಭದಲ್ಲಿ ಇಂಟರ್ನೆಟ್ ಕಂಪನಿಗೆ ಬಹುಮಟ್ಟಿಗೆ ಕಾಣುತ್ತದೆ. ಇದು ಎಲ್ಲ ಸಂಚಾರವನ್ನೂ ಕಂಪನಿಯ ಕಣ್ಣಿಂದ ಮರೆಮಾಡುವ ವಿಪಿಎನ್ ಅಲ್ಲ.

ಒಂದು ನಿಜವಾದ ಕೊರತೆಯೂ ಇದೆ. ಗೌಪ್ಯತೆಗಾಗಿ ಈ ಸೇವೆ ನಿಮ್ಮ ಜಾಲದ ಗುರುತನ್ನು ತಾಣದ ವಿಳಾಸ ಹೇಳುವ ಮುಂದಿನ ಸರ್ವರ್‌ಗೆ ತಿಳಿಸುವುದಿಲ್ಲ. ಹೀಗಾಗಿ ಕೆಲವು ತಾಣಗಳು ಹತ್ತಿರದ ಸರ್ವರ್ ಬಿಟ್ಟು ದೂರದ್ದನ್ನು ಕೊಡಬಹುದು. ಒಂದೇ ತಾಣದ ವಿಡಿಯೊ ಪದೇ ಪದೇ ನಿಲ್ಲುತ್ತಿದ್ದರೆ 8.8.8.8 ಹಾಕಿ ಹೋಲಿಸಿ.

ಕಚೇರಿಯ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇದನ್ನು ಹಾಕಬೇಡಿ. ಅಲ್ಲಿನ ಪ್ರಿಂಟರ್, ಫೈಲ್ ಸರ್ವರ್‌ಗಳ ಹೆಸರು ಕಚೇರಿಯ ಡಿಎನ್‌ಎಸ್‌ಗಷ್ಟೇ ಗೊತ್ತು, 1.1.1.1 ಅನ್ನು ಕೇಳಿದರೆ ಅಂಥ ಹೆಸರೇ ಇಲ್ಲ ಎನ್ನುತ್ತದೆ.