ಎಕ್ಸ್, ಗೆರೆ, ಊಹೆ, ಲ.ಸಾ.ಅ.: ಒಂದೇ ಲೆಕ್ಕವನ್ನು ಬೇರೆ ಬೇರೆ ದಾರಿಯಲ್ಲಿ ಮಾಡಿ ನೋಡಿದಾಗ

ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಸಮೀಕರಣ ಬರೆದು ಕೊಟ್ಟರೆ ಚಕಚಕ ಬಿಡಿಸುತ್ತಾಳೆ. ಅದೇ ಲೆಕ್ಕವನ್ನು ಮಾತಿನಲ್ಲಿ ಕೊಟ್ಟರೆ ಪೆನ್ನು ಕೆಳಗಿಡುತ್ತಾಳೆ. "ಚಿಕ್ಕಮ್ಮ, ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ಗೊತ್ತಾಗಲ್ಲ" ಅಂದಳು. ಅವಳು ಹೇಳಿದ್ದು ಸರಿಯಾಗೇ ಇತ್ತು. ಸಮೀಕರಣ ಬಿಡಿಸೋದು ಒಂದು ಕೆಲಸ. ಮಾತನ್ನು ಸಮೀಕರಣ ಮಾಡೋದು ಬೇರೆಯೇ ಕೆಲಸ.

ಹಾಗಾಗಿ ಸುಮಾರು ಒಂದು ತಿಂಗಳು ಇಬ್ಬರೂ ಕೂತು ಪ್ರಯೋಗ ಮಾಡಿದೆವು. ಸಂಖ್ಯೆ, ವಯಸ್ಸು, ಕೆಲಸ, ಈ ಮೂರು ಬಗೆಯ ಲೆಕ್ಕ ತಗೊಂಡು ಪ್ರತಿಯೊಂದನ್ನೂ ಎರಡು ಮೂರು ದಾರಿಯಲ್ಲಿ ಮಾಡಿದೆವು. ಎಕ್ಸ್ ಇಟ್ಟು ಸಮೀಕರಣ ಬರೆಯೋದು, ಗೆರೆ ಎಳೆದು ಪಾಲು ಮಾಡೋದು, ಒಂದು ಸಂಖ್ಯೆ ಊಹಿಸಿ ಆಮೇಲೆ ಸರಿಮಾಡೋದು. ಕೆಲಸದ ಲೆಕ್ಕಕ್ಕೆ ಭಿನ್ನರಾಶಿ, ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಕೊಟ್ಟ ಸಂಖ್ಯೆಗಳೆಲ್ಲದರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ), ಸೂತ್ರ ಕೂಡ ಸೇರಿಕೊಂಡವು. ಯಾವುದು ಬೇಗ ಆಗುತ್ತೆ ಅಂತ ಮಾತ್ರ ನೋಡಲಿಲ್ಲ. ಎಲ್ಲಿ ತಪ್ಪಾಗುತ್ತೆ, ತಪ್ಪಾದರೆ ನಮಗೇ ಗೊತ್ತಾಗುತ್ತಾ ಅನ್ನೋದನ್ನೂ ಬರೆದಿಟ್ಟುಕೊಂಡೆವು.

ಮೊದಲಿಗೆ ಒಂದು ಚಿಕ್ಕ ಬದಲಾವಣೆ ಮಾಡಿದ್ದು ತುಂಬಾ ಉಪಯೋಗಕ್ಕೆ ಬಂತು. ಎಲ್ಲದಕ್ಕೂ ಎಕ್ಸ್ ಅನ್ನೋದನ್ನು ಬಿಟ್ಟೆವು. ಮಗಳ ವಯಸ್ಸಾದರೆ 'ಮ', ಸಂಖ್ಯೆಯಾದರೆ 'ಸ'. ಲೆಕ್ಕದ ಕೊನೆಗೆ ಬಂದಾಗ ಎಕ್ಸ್ ಅಂದರೆ ಯಾರ ವಯಸ್ಸು, ಈಗಿನದಾ ಐದು ವರ್ಷದ ಹಿಂದಿನದಾ ಅಂತ ಮರೆತು ತಪ್ಪು ಉತ್ತರ ಬರೆಯೋದು ಅದರಿಂದಲೇ ಕಮ್ಮಿಯಾಯಿತು. ಇದೇನೂ ಹೊಸ ವಿಷಯ ಅಲ್ಲ. 12ನೇ ಶತಮಾನದ ಭಾಸ್ಕರಾಚಾರ್ಯರು ಗೊತ್ತಿಲ್ಲದ ಮೊದಲ ಸಂಖ್ಯೆಗೆ 'ಯಾವತ್ತಾವತ್' ಅನ್ನುತ್ತಿದ್ದರು. 'ಎಷ್ಟೋ ಅಷ್ಟು' ಅಂತ ಅರ್ಥ. ಚಿಕ್ಕದಾಗಿ 'ಯಾ'. ಎರಡನೆಯ ಸಂಖ್ಯೆಗೆ ಕಪ್ಪು ಬಣ್ಣದ ಹೆಸರು, ಕಾಲಕ. ಮೂರನೆಯದಕ್ಕೆ ನೀಲಕ. ಇದನ್ನು ಹೇಳಿದಾಗ ಹುಡುಗಿಗೆ ಎಷ್ಟು ಖುಷಿಯಾಯಿತೆಂದರೆ ಒಂದು ದಿನ ಪೂರ್ತಿ ಯಾ, ಕಾ, ನೀ ಅಂತಲೇ ಲೆಕ್ಕ ಮಾಡಿದಳು.

ವಯಸ್ಸಿನ ಲೆಕ್ಕ

ಶುರು ಮಾಡಿದ್ದು ಇದರಿಂದ. ತಾಯಿಯ ವಯಸ್ಸು ಮಗಳ ವಯಸ್ಸಿನ ನಾಲ್ಕರಷ್ಟು. 16 ವರ್ಷದ ನಂತರ ಎರಡರಷ್ಟು ಆಗುತ್ತೆ. ಈಗ ಇಬ್ಬರ ವಯಸ್ಸೆಷ್ಟು?

ಸಮೀಕರಣ ಹೀಗೆ:

4ಮ + 16 = 2(ಮ + 16)

ಬಿಡಿಸಿದರೆ 2ಮ = 16, ಮ = 8. ತಾಯಿಗೆ 32. ಹುಡುಗಿ ಮೊದಲ ಸಲ ಬರೆದದ್ದು 4ಮ + 16 = 2ಮ ಅಂತ. 16 ವರ್ಷ ತಾಯಿಗೆ ಮಾತ್ರ ಕಳೆಯಿತು, ಮಗಳಿಗೆ ಕಳೆಯಲೇ ಇಲ್ಲ. ಎರಡನೇ ಸಲ ಮಗಳಿಗೂ 16 ಸೇರಿಸಿದಳು, ಆದರೆ ಆವರಣ ಹಾಕಲಿಲ್ಲ: 4ಮ + 16 = 2ಮ + 16. ಮೊದಲನೆಯದಕ್ಕೆ ಮಗಳ ವಯಸ್ಸು -8 ಬಂತು, ಎರಡನೆಯದಕ್ಕೆ 0. ಎರಡೂ ತಪ್ಪು ಅಂತ ನೋಡಿದ ಕೂಡಲೇ ಗೊತ್ತಾಯಿತು.

ಆಮೇಲೆ ಗೆರೆ. ಮಗಳಿಗೆ ಒಂದು ಚಿಕ್ಕ ತುಂಡು. ತಾಯಿಗೆ ಅಂಥವೇ ನಾಲ್ಕು ತುಂಡು. ಇಬ್ಬರ ನಡುವಿನ ಅಂತರ ಮೂರು ತುಂಡು. ಈಗ 16 ವರ್ಷ ಮುಂದಕ್ಕೆ ಹೋಗೋಣ. ಆಗ ತಾಯಿ ಮಗಳ ಎರಡರಷ್ಟು. ಅಂದರೆ ಅವರ ನಡುವಿನ ಅಂತರ, ಮಗಳ ಆಗಿನ ವಯಸ್ಸು, ಎರಡೂ ಒಂದೇ. ಆದರೆ ಅಂತರ ಯಾವತ್ತೂ ಬದಲಾಗಲ್ಲ ಅಲ್ವಾ? ಅದು ಇನ್ನೂ ಮೂರು ತುಂಡೇ. ಹಾಗಾದರೆ ಮಗಳು ಒಂದು ತುಂಡಿನಿಂದ ಮೂರು ತುಂಡಿಗೆ ಬೆಳೆದಳು. ಬೆಳೆದ ಎರಡು ತುಂಡೇ 16 ವರ್ಷ. ಒಂದು ತುಂಡು 8.

ಇದನ್ನು ಬರೆಯೋಕೆ ಇಷ್ಟು ಸಾಲು ಬೇಕಾಯಿತು. ಕಾಗದದ ಮೇಲೆ ಮಾಡೋಕೆ ಎರಡು ಗೆರೆ ಸಾಕು. ವಯಸ್ಸಿನ ಲೆಕ್ಕದಲ್ಲಿ ಎಲ್ಲವೂ ಬದಲಾಗುತ್ತಿರುತ್ತೆ, ಅಂತರ ಮಾತ್ರ ಹಾಗೇ ನಿಂತಿರುತ್ತೆ. ಗೆರೆಯ ದಾರಿ ಆ ಅಂತರವನ್ನೇ ಹಿಡಿದುಕೊಳ್ಳುತ್ತೆ. ಸಮೀಕರಣದಲ್ಲೂ ಅದು ಒಳಗೆ ಇರುತ್ತೆ, ಆದರೆ ಕಣ್ಣಿಗೆ ಕಾಣಲ್ಲ.

ಸಮೀಕರಣದಲ್ಲಿ ಕೆಲವು ತಪ್ಪುಗಳು ಅಡಗಿ ಕೂತಿರುತ್ತವೆ. ಐದು ವರ್ಷದ ಹಿಂದೆ ತಂದೆಯ ವಯಸ್ಸು ಮಗನ ಏಳರಷ್ಟಿತ್ತು, ಐದು ವರ್ಷದ ನಂತರ ಮೂರರಷ್ಟಾಗುತ್ತೆ ಅಂತ ಇಟ್ಟುಕೊಳ್ಳಿ. ಮಗನ ಐದು ವರ್ಷದ ಹಿಂದಿನ ವಯಸ್ಸನ್ನು 'ಮ' ಅಂದುಕೊಂಡರೆ, ಅಲ್ಲಿಂದ ಐದು ವರ್ಷದ ನಂತರದ ದಿನಕ್ಕೆ ಒಟ್ಟು 10 ವರ್ಷ. 7ಮ + 10 = 3(ಮ + 10), ಮ = 5. ಈಗ ಮಗನಿಗೆ 10, ತಂದೆಗೆ 40. ನಮ್ಮ ಹುಡುಗಿ 10ರ ಬದಲು 5 ಸೇರಿಸಿದಳು. ಮ = ಎರಡೂವರೆ ಬಂತು. ಈಗ ಮಗನಿಗೆ ಏಳೂವರೆ, ತಂದೆಗೆ ಇಪ್ಪತ್ತೆರಡೂವರೆ. ನೋಡೋಕೆ ಎಲ್ಲಾ ಸರಿಯಾಗೇ ಇದೆ! ಉತ್ತರವನ್ನು ತಗೊಂಡು ಹೋಗಿ ಮತ್ತೆ ಪ್ರಶ್ನೆಯ ಮಾತಿಗೆ ಹಾಕಿ ನೋಡಿದಾಗಲೇ ತಪ್ಪು ಸಿಕ್ಕಿದ್ದು. ಐದು ವರ್ಷದ ನಂತರ ಹನ್ನೆರಡೂವರೆ, ಇಪ್ಪತ್ತೇಳೂವರೆ. ಮೂರರಷ್ಟಾಗಲಿಲ್ಲ. ತಾಳೆ ನೋಡಬೇಕಾದದ್ದು ಪ್ರಶ್ನೆಯ ಜೊತೆ. ನಾವೇ ಬರೆದ ಸಮೀಕರಣದ ಜೊತೆ ತಾಳೆ ನೋಡಿದ್ದರೆ ಈ ತಪ್ಪು ಉತ್ತರವೂ ಸರಿ ಅಂತಲೇ ಬರುತ್ತಿತ್ತು.

ಗೆರೆಯ ಮೇಲೆ ನನಗೆ ನಿಜವಾಗಿ ಪ್ರೀತಿ ಹುಟ್ಟಿಸಿದ್ದು ಇನ್ನೊಂದು ಲೆಕ್ಕ. ಅಕ್ಕ ತಂಗಿಗೆ ಹೇಳುತ್ತಾಳೆ: "ನಿನಗೀಗ ಇರುವಷ್ಟು ವಯಸ್ಸು ನನಗಿದ್ದಾಗ ನಿನಗೆ ಎಷ್ಟಿತ್ತೋ, ಅದರ ಎರಡರಷ್ಟು ನನಗೀಗ." ಇಬ್ಬರ ವಯಸ್ಸು ಸೇರಿದರೆ 63. ಅಕ್ಕನಿಗೆ 'ಅ', ತಂಗಿಗೆ 'ತ' ಇಟ್ಟು ಬರೆದರೆ ಅ = 2(ತ - (ಅ - ತ)). ಈ ಸಾಲು ಬರೆಯೋಕೆ ಹುಡುಗಿಗೆ ಅರ್ಧ ಗಂಟೆ ಹಿಡಿಯಿತು, ನನಗೂ ಎರಡು ಸಲ ಆವರಣ ತಪ್ಪಿತು. ಗೆರೆಯಲ್ಲಾದರೆ ಮೂರು ಚುಕ್ಕಿ ಸಾಕು: ತಂಗಿಯ ಆಗಿನ ವಯಸ್ಸು, ತಂಗಿಯ ಈಗಿನ ವಯಸ್ಸು, ಅಕ್ಕನ ಈಗಿನ ವಯಸ್ಸು. ಮಧ್ಯದ ಚುಕ್ಕಿ ಅಕ್ಕನ ಆಗಿನ ವಯಸ್ಸೂ ಹೌದು. ಹಾಗಾಗಿ ಮೂರು ಚುಕ್ಕಿಗಳ ನಡುವೆ ಒಂದೇ ಅಂತರ. ಮೊದಲ ಚುಕ್ಕಿಯ ಎರಡರಷ್ಟು ಕೊನೆಯ ಚುಕ್ಕಿ. ಮೊದಲಿನದರಿಂದ ಕೊನೆಯದಕ್ಕೆ ಎರಡು ಹೆಜ್ಜೆ, ಆದ್ದರಿಂದ ಸೊನ್ನೆಯಿಂದ ಮೊದಲ ಚುಕ್ಕಿಗೂ ಎರಡೇ ಹೆಜ್ಜೆ. ಚುಕ್ಕಿಗಳು 2, 3, 4 ಹೆಜ್ಜೆಯಲ್ಲಿವೆ. ಈಗಿನ ವಯಸ್ಸುಗಳು 3 ಮತ್ತು 4 ಹೆಜ್ಜೆ, ಒಟ್ಟು 7. 63ನ್ನು 7ರಿಂದ ಭಾಗಿಸಿದರೆ ಹೆಜ್ಜೆಗೆ 9. ತಂಗಿಗೆ 27, ಅಕ್ಕನಿಗೆ 36. ಅಕ್ಕನಿಗೆ 27 ಇದ್ದಾಗ ತಂಗಿಗೆ 18. ಸರಿ ಹೋಯಿತು.

ಸಂಖ್ಯೆಯ ಲೆಕ್ಕ

ಇಲ್ಲಿ ಗೆರೆ ಅಷ್ಟೊಂದು ಕೆಲಸಕ್ಕೆ ಬರಲಿಲ್ಲ. ಅನುಕ್ರಮ ಸಂಖ್ಯೆಗಳ ಲೆಕ್ಕವಂತೂ ಸುಲಭ. ಮೂರು ಅನುಕ್ರಮ ಸಂಖ್ಯೆಗಳ ಮೊತ್ತ 72 ಅಂದರೆ ಮಧ್ಯದ್ದು 24, ಮುಗಿಯಿತು. ಸಮೀಕರಣ ಬರೆಯಲೇಬೇಕಿದ್ದರೂ ಮಧ್ಯದ ಸಂಖ್ಯೆಯನ್ನು 'ಸ' ಅಂದುಕೊಳ್ಳೋದು ಒಳ್ಳೆಯದು. ಸ - 1, ಸ, ಸ + 1 ಕೂಡಿದರೆ ಒಂದುಗಳು ತಾವಾಗೇ ಹೋಗಿ 3ಸ ಉಳಿಯುತ್ತೆ.

ಊಹೆಯ ದಾರಿಗೆ ಹಳೆಯ ಚರಿತ್ರೆ ಇದೆ. ಕ್ರಿಸ್ತಪೂರ್ವ 1550ರ ಸುಮಾರಿಗೆ ಈಜಿಪ್ಟಿನಲ್ಲಿ ಬರೆದ ಪಪೈರಸ್ ಸುರುಳಿಯೊಂದರಲ್ಲಿ ಇದೇ ರೀತಿ ಮಾಡಿದ್ದಾರೆ. ಭಾಸ್ಕರಾಚಾರ್ಯರ 'ಲೀಲಾವತಿ'ಯಲ್ಲಿ ಇದಕ್ಕೆ 'ಇಷ್ಟಕರ್ಮ' ಅಂತ ಹೆಸರು. ನಮಗೆ ಇಷ್ಟವಾದ ಸಂಖ್ಯೆ ಇಟ್ಟುಕೊಂಡು ಶುರು ಮಾಡೋದು. ಉದಾಹರಣೆಗೆ, ಒಂದು ಸಂಖ್ಯೆಗೆ ಅದರ ಮೂರನೇ ಒಂದು ಭಾಗ, ನಾಲ್ಕನೇ ಒಂದು ಭಾಗ ಸೇರಿಸಿದರೆ 57. ಮೂರರಿಂದಲೂ ನಾಲ್ಕರಿಂದಲೂ ಭಾಗವಾಗುವ 12 ಇಟ್ಟು ನೋಡೋಣ. 12 + 4 + 3 = 19. ಬೇಕಾದದ್ದು 57, ಅಂದರೆ ಮೂರರಷ್ಟು. ಹಾಗಾದರೆ ಸಂಖ್ಯೆ 36. ಭಿನ್ನರಾಶಿಯ ಗೋಜೇ ಇಲ್ಲ. ನಮ್ಮ ಹುಡುಗಿ ಇದನ್ನು ಬಾಯಲ್ಲೇ ಮಾಡಿದಳು.

ಆದರೆ ಇದನ್ನು ಎಲ್ಲಾ ಕಡೆ ನಂಬೋ ಹಾಗಿಲ್ಲ. ಒಂದು ಸಂಖ್ಯೆ, ಅದರ ಮೂರನೇ ಒಂದು ಭಾಗ, ಜೊತೆಗೆ 5, ಎಲ್ಲಾ ಸೇರಿ 57 ಅಂತ ಕೊಟ್ಟೆ. ಅವಳು 3 ಇಟ್ಟಳು. 3 + 1 + 5 = 9. 57ನ್ನು 9ರಿಂದ ಭಾಗಿಸಿ 3ರಿಂದ ಗುಣಿಸಿದಳು. ಸರಿಯಾಗಿ 19 ಬಂತು. ಪೂರ್ಣ ಸಂಖ್ಯೆ, ಚೆಂದದ ಉತ್ತರ, ಪೂರ್ತಿ ತಪ್ಪು. ನಿಜವಾದ ಉತ್ತರ 39. ಸಂಖ್ಯೆ ದೊಡ್ಡದಾದ ಹಾಗೆ ಅದರ ಭಾಗಗಳು ಬೆಳೆಯುತ್ತವೆ, ಆದರೆ ಆ 5 ಬೆಳೆಯಲ್ಲ. ಮೊದಲು 5 ತೆಗೆದು 52 ಮಾಡಿಕೊಂಡರೆ ಇಷ್ಟಕರ್ಮ ಮತ್ತೆ ಸರಿಯಾಗಿ ನಡೆಯುತ್ತೆ. ಸಮೀಕರಣಕ್ಕೆ ಈ ಯೋಚನೆಯೇ ಬೇಡ, 5 ಇದ್ದರೂ ಇಲ್ಲದಿದ್ದರೂ ದಾರಿ ಒಂದೇ. ಇಲ್ಲಿ ನನ್ನ ಮತ ಸಮೀಕರಣಕ್ಕೆ.

ಎರಡಂಕಿ ಸಂಖ್ಯೆಯ ಲೆಕ್ಕದಲ್ಲಿ ಮಾತ್ರ ಸುಮ್ನೆ ಪಟ್ಟಿ ಮಾಡೋದೇ ಗೆದ್ದಿತು. ಅಂಕಿಗಳ ಮೊತ್ತ 11, ಅಂಕಿ ತಿರುವಿದರೆ ಸಂಖ್ಯೆ 27 ಜಾಸ್ತಿಯಾಗುತ್ತೆ. ತಿರುವಿದಾಗ ದೊಡ್ಡದಾಗಬೇಕು ಅಂದರೆ ಮೊದಲ ಅಂಕಿ ಚಿಕ್ಕದಿರಬೇಕು. 29, 38, 47, 56, ಇರೋದೇ ನಾಲ್ಕು. ತಿರುವಿದರೆ ಬರುವ ವ್ಯತ್ಯಾಸ 63, 45, 27, 9. ಉತ್ತರ 47. ಸಮೀಕರಣದಲ್ಲಾದರೆ ಹತ್ತರ ಸ್ಥಾನದ ಅಂಕಿಗೆ 'ಹ', ಬಿಡಿ ಸ್ಥಾನದ್ದಕ್ಕೆ 'ಬ' ಇಟ್ಟು 10ಹ + ಬ ಅಂತ ಬರೆಯಬೇಕು, ಹತ್ತರ ಸ್ಥಾನದ ಅಂಕಿಯನ್ನು ಹತ್ತರಿಂದ ಗುಣಿಸಲು ಮರೆಯಬಾರದು. ಹಾಗಿದ್ದರೂ ಅದನ್ನೂ ಒಮ್ಮೆ ಮಾಡಿ ನೋಡಿ. ವ್ಯತ್ಯಾಸ ಯಾವಾಗಲೂ 9(ಬ - ಹ) ಆಗುತ್ತೆ. ಆ ನಾಲ್ಕೂ ವ್ಯತ್ಯಾಸಗಳು 9ರ ಮಗ್ಗಿಯಲ್ಲೇ ಯಾಕೆ ಇವೆ ಅನ್ನೋದು ಪಟ್ಟಿಯಿಂದ ಗೊತ್ತಾಗಲ್ಲ, ಸಮೀಕರಣದಿಂದ ಗೊತ್ತಾಗುತ್ತೆ.

ಕೆಲಸದ ಲೆಕ್ಕ

ಒಬ್ಬರು ಒಂದು ಕೆಲಸವನ್ನು 12 ದಿನದಲ್ಲಿ, ಇನ್ನೊಬ್ಬರು 18 ದಿನದಲ್ಲಿ ಮುಗಿಸುತ್ತಾರೆ. ಸೇರಿ ಮಾಡಿದರೆ? ಹುಡುಗಿ ಥಟ್ಟನೆ 15 ಅಂದಳು. ಒಬ್ಬರೇ 12 ದಿನದಲ್ಲಿ ಮುಗಿಸುವ ಕೆಲಸ, ಇನ್ನೊಬ್ಬರು ಸೇರಿಕೊಂಡ ಮೇಲೆ 15 ದಿನ ಆಗೋಕೆ ಸಾಧ್ಯವೇ ಇಲ್ಲ. ಈ ಒಂದು ತಾಳೆ ಅವಳಿಗೆ ಎಷ್ಟೋ ಲೆಕ್ಕಗಳಲ್ಲಿ ಕೈ ಹಿಡಿಯಿತು. ಇಬ್ಬರೂ 12 ದಿನದವರಾಗಿದ್ದರೆ 6 ದಿನ, ಇಬ್ಬರೂ 18 ದಿನದವರಾಗಿದ್ದರೆ 9 ದಿನ. ಉತ್ತರ 6 ಮತ್ತು 9ರ ನಡುವೆಯೇ ಬರಬೇಕು.

ಭಿನ್ನರಾಶಿಯ ದಾರಿ ಎಲ್ಲರಿಗೂ ಗೊತ್ತು. 1/12 + 1/18 = 5/36, ಆದ್ದರಿಂದ 36/5, ಅಂದರೆ 7.2 ದಿನ. ಲ.ಸಾ.ಅ. ದಾರಿಯಲ್ಲಿ ಕೆಲಸವನ್ನೇ 36 ಪಾಲು ಅಂದುಕೊಳ್ಳುತ್ತೇವೆ. ಮೊದಲಿನವರು ದಿನಕ್ಕೆ 3 ಪಾಲು, ಎರಡನೆಯವರು 2 ಪಾಲು, ಸೇರಿ 5. ಉತ್ತರ ಅದೇ. ಒಳಗೆ ನಡೆಯೋ ಲೆಕ್ಕವೂ ಅದೇ. ಆದರೆ ಪ್ರಶ್ನೆ ಉದ್ದವಾದಾಗ ವ್ಯತ್ಯಾಸ ಗೊತ್ತಾಗುತ್ತೆ. ಇಬ್ಬರೂ 4 ದಿನ ಮಾಡಿದ ಮೇಲೆ ಮೊದಲಿನವರು ಬಿಟ್ಟು ಹೋದರು, ಉಳಿದದ್ದಕ್ಕೆ ಎಷ್ಟು ದಿನ? 20 ಪಾಲು ಆಯಿತು, 16 ಉಳಿಯಿತು, ದಿನಕ್ಕೆ 2ರಂತೆ 8 ದಿನ. ಭಿನ್ನರಾಶಿಯಲ್ಲಿ ಹೋದಾಗ ನಮ್ಮ ಹುಡುಗಿ 5/9 ಆಗಿರುವ ಕೆಲಸವಾ ಉಳಿದಿರುವ ಕೆಲಸವಾ ಅಂತ ಗೊಂದಲ ಮಾಡಿಕೊಂಡಳು. 16 ಪಾಲು ಉಳಿದಿದೆ ಅಂದಾಗ ಆ ಗೊಂದಲವೇ ಬರಲಿಲ್ಲ.

ಗುಣಲಬ್ಧವನ್ನು ಮೊತ್ತದಿಂದ ಭಾಗಿಸುವ ಸೂತ್ರ ಇಬ್ಬರಿಗೆ ಬಲು ವೇಗ: 216/30 = 7.2. ಇದನ್ನೇ ನೆಚ್ಚಿಕೊಂಡರೆ ಕಷ್ಟ. 36 ದಿನದ ಮೂರನೆಯವರನ್ನು ಸೇರಿಸಿದಾಗ ಹುಡುಗಿ ಮೂರನ್ನೂ ಗುಣಿಸಿ ಮೊತ್ತದಿಂದ ಭಾಗಿಸಿದಳು. 117 ದಿನ ದಾಟಿತು! ಪಾಲಿನ ದಾರಿಯಲ್ಲಿ 3 + 2 + 1 = 6, ಬರೋಬ್ಬರಿ 6 ದಿನ. ಸೂತ್ರವನ್ನು ನಾನು ಪಟ್ಟಿಯಿಂದ ತೆಗೆದೇ ಬಿಟ್ಟೆ.

ಪಾಲಿನ ದಾರಿಗೂ ತಲೆಕೆಳಗಾದ ಒಂದು ಸೊಗಸಾದ ರೂಪ 'ಲೀಲಾವತಿ'ಯಲ್ಲಿದೆ. ನಾಲ್ಕು ಕಾರಂಜಿಗಳು ಒಂದು ಕೊಳವನ್ನು ಬೇರೆ ಬೇರೆಯಾಗಿ 1 ದಿನ, ಅರ್ಧ ದಿನ, ದಿನದ ಮೂರನೇ ಒಂದು ಭಾಗ, ಆರನೇ ಒಂದು ಭಾಗದಲ್ಲಿ ತುಂಬಿಸುತ್ತವೆ. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ? ಪೂರ್ತಿ ಒಂದು ದಿನ ಬಿಟ್ಟರೆ 1 + 2 + 3 + 6, ಅಂದರೆ 12 ಕೊಳ ತುಂಬುತ್ತೆ. ಒಂದಕ್ಕೆ ದಿನದ ಹನ್ನೆರಡನೇ ಒಂದು ಭಾಗ, ಎರಡು ಗಂಟೆ.

ಲ.ಸಾ.ಅ. ಕೈಕೊಡುವುದು ದಿನಗಳೇ ಗೊತ್ತಿಲ್ಲದಾಗ. ಒಬ್ಬರು ಇನ್ನೊಬ್ಬರಿಗಿಂತ 5 ದಿನ ಬೇಗ ಮುಗಿಸುತ್ತಾರೆ, ಸೇರಿದರೆ 6 ದಿನ. ಯಾವ ಸಂಖ್ಯೆಗೆ ಲ.ಸಾ.ಅ. ತೆಗೆಯೋದು? ಇಲ್ಲಿ ಸಮೀಕರಣವೇ ಬೇಕು. ಬೇಗ ಮಾಡುವವರ ದಿನ 'ದ' ಆದರೆ:

1/ದ + 1/(ದ + 5) = 1/6

ಬಿಡಿಸಿದರೆ ದ² - 7ದ - 30 = 0. ದ = 10 ಅಥವಾ -3. "-3 ಯಾಕೆ ಬಂತು ಚಿಕ್ಕಮ್ಮ? ನಾವು ಎಲ್ಲೂ ತಪ್ಪು ಮಾಡಿಲ್ವಲ್ಲ" ಅಂದಳು. ತಪ್ಪು ಮಾಡಿರಲಿಲ್ಲ. ಸಮೀಕರಣಕ್ಕೆ ದಿನ ಅಂದರೇನು ಅಂತ ಗೊತ್ತಿಲ್ಲ, ಅದಕ್ಕೆ ಎರಡೂ ಬರೀ ಸಂಖ್ಯೆಗಳು. ಯಾವುದನ್ನು ಇಟ್ಟುಕೊಳ್ಳಬೇಕು ಅಂತ ಪ್ರಶ್ನೆ ಓದಿದ ನಾವೇ ಹೇಳಬೇಕು. ಆಮೇಲೆ ಅವಳೇ ಹಳೆಯ ತಾಳೆಯನ್ನು ತಂದಳು. ಸೇರಿ 6 ದಿನ ಅಂದರೆ ಬೇಗ ಮಾಡುವವರದು 12ಕ್ಕಿಂತ ಕಮ್ಮಿ, ನಿಧಾನದವರದು 12ಕ್ಕಿಂತ ಜಾಸ್ತಿ ಇರಬೇಕು. 10, 15. ಎರಡೂ ಅವುಗಳ ಜಾಗದಲ್ಲೇ ಕೂತಿದ್ದವು.