200 ಕಿ.ಮೀ. ಬ್ರೆವೆ: ಹವ್ಯಾಸಿ ಸವಾರನೊಬ್ಬನ ವಿಮರ್ಶೆ

ರಜಾದಿನಗಳಲ್ಲಿ ನಲವತ್ತು–ಐವತ್ತು ಕಿಲೋಮೀಟರ್ ಸೈಕಲ್ ತುಳಿದು ತೃಪ್ತರಾಗುವ ನನ್ನಂಥವರಿಗೆ, ಬೆಂಗಳೂರಿನಿಂದ ಮುಳಬಾಗಿಲಿನತ್ತ ಹೋಗಿ ಮರಳುವ ಈ ಸವಾರಿ ದೊಡ್ಡ ಜಿಗಿತವೇ ಸರಿ. ಬ್ರೆವೆ ಎನ್ನುವುದು ಪಂದ್ಯವಲ್ಲ, ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ. ಫ್ರಾನ್ಸಿನ ಆಡಾಕ್ಸ್ ಕ್ಲಬ್ ಪ್ಯಾರಿಸಿಯೆನ್ ರೂಪಿಸಿದ ನಿಯಮದಂತೆ 200 ಕಿ.ಮೀ.ಗಳನ್ನು 13 ಗಂಟೆ 30 ನಿಮಿಷಗಳೊಳಗೆ ಮುಗಿಸಿ, ಗೊತ್ತುಪಡಿಸಿದ ತಾಣಗಳಲ್ಲಿ ಹಾಜರಿ ದಾಖಲಿಸಿದರೆ ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಒಂದೇ ಮಾನ್ಯತೆ ದೊರೆಯುತ್ತದೆ. ಗಂಟೆಗೆ ಸುಮಾರು 15 ಕಿ.ಮೀ. ಸರಾಸರಿ ಸುಲಭವೆಂದು ತೋರಿದರೂ, ಊಟ, ಪಂಕ್ಚರ್, ಮರದ ನೆರಳಿನ ವಿಶ್ರಾಂತಿ ಎಲ್ಲವೂ ಅದೇ ಲೆಕ್ಕದೊಳಗೆ ಸೇರುವುದರಿಂದ, ವೇಗ ಹೆಚ್ಚಿಸುವುದಕ್ಕಿಂತ ನಿಲ್ಲುವ ಸಮಯವನ್ನು ತಗ್ಗಿಸುವುದೇ ಹೆಚ್ಚು ಪ್ರಯೋಜನಕಾರಿ.

ಸಂಘಟಕರು ದೀಪಗಳನ್ನು ಕಟ್ಟುನಿಟ್ಟಾಗಿ ಪರಿಶೀಲಿಸಿದ್ದು ಮೆಚ್ಚತಕ್ಕದ್ದು. ದಾರಿಯಲ್ಲಿ ನೆರವಿನ ವಾಹನವಿಲ್ಲವೆಂಬ ದೂರು ಕೆಲವರಿಂದ ಕೇಳಿಬಂತು. ಆದರೆ ಸ್ವಾವಲಂಬನೆಯೇ ಈ ಸವಾರಿಯ ನಿಯಮವಾದ್ದರಿಂದ ಅದನ್ನು ಕೊರತೆಯೆನ್ನಲಾಗದು. ಮಧ್ಯಾಹ್ನದ ತಾಣದಲ್ಲಿ ಕುಡಿಯುವ ನೀರು ಮುಗಿದುಹೋಗಿದ್ದು ಮಾತ್ರ ನಿಜವಾದ ಲೋಪ. (ತುಪ್ಪದಲ್ಲಿ ಮಿಂದ ಮುಳಬಾಗಿಲು ದೋಸೆಯ ಆಸೆಯನ್ನು ಅರ್ಧದಾರಿಯಲ್ಲಿ ಹತ್ತಿಕ್ಕುವುದು ಕ್ಷೇಮ.) ಮರಳುವಾಗ ಹೊಸಕೋಟೆಯಿಂದ ನಗರದವರೆಗಿನ ವಾಹನದಟ್ಟಣೆ ದಣಿದ ಸವಾರರಿಗೆ ಅಪಾಯಕಾರಿಯಾಗಿರುವುದರಿಂದ, ಸಂಘಟಕರು ಆರಂಭ ಮತ್ತು ಅಂತ್ಯದ ಸ್ಥಳವನ್ನು ಹೊಸಕೋಟೆಯಿಂದಾಚೆಗೆ ಬದಲಾಯಿಸುವುದು ಒಳಿತು.